ಆಟದ ಕೋಣೆಯಲ್ಲಿ ಅಪ್ಪ

ಕೌಟುಂಬಿಕ ನ್ಯಾಯಾಲಯದ ಕಾಯುವ ಕೋಣೆಯಲ್ಲಿ ಚಿಹೊಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗಂಡ ತೊಮೊನೊರಿ ಅದೇ ಕಟ್ಟಡದ ಇನ್ನೊಂದು ತುದಿಯಲ್ಲಿ ಇಂಥದೇ ಕೋಣೆಯಲ್ಲಿದ್ದ. ಇಬ್ಬರೂ ಮುಖಾಮುಖಿ ಆಗದಂತೆ ಸಂಧಾನಕಾರರು ಅವರನ್ನು ಸರದಿಯ ಮೇಲೆ ಒಳಗೆ ಕರೆದು, ಇವಳ ಮಾತು ಅವನಿಗೆ, ಅವನ ಮಾತು ಇವಳಿಗೆ ಮುಟ್ಟಿಸುತ್ತಿದ್ದರು. ವಿಚ್ಛೇದನಕ್ಕೆ ಇಬ್ಬರದೂ ಒಪ್ಪಿಗೆಯಿತ್ತು. ಆರು ವರ್ಷದ ಮಗಳು ಮಿಯುವಿನ ವಿಷಯಕ್ಕೆ ಬಂದಾಗ ಮಾತ್ರ ಗಾಡಿ ಹೂತುಕೊಂಡಿತ್ತು.

ಹಿಂದಿನ ಬೇಸಿಗೆಯಲ್ಲಿ ತೊಮೊನೊರಿ ನಿದ್ದೆಹೋದ ಮಗಳನ್ನು ಕಾರಿನಲ್ಲೇ ಬಿಟ್ಟು ಪಚಿಂಕೊ ಜೂಜಿನಂಗಡಿಗೆ ನುಗ್ಗಿದ್ದ. ಬೇಗ ಬಂದುಬಿಡುತ್ತೇನೆ ಅಂದುಕೊಂಡಿದ್ದನಂತೆ. ದಾರಿಹೋಕರೊಬ್ಬರು ಗಾಜು ಒಡೆದು ಎತ್ತಿಕೊಂಡಾಗ ಮಗುವಿನ ಅಂಗಿ ಬೆವರಲ್ಲಿ ತೊಯ್ದುಹೋಗಿತ್ತು. ಮಗು ಉಳಿಯಿತು, ಸಂಸಾರ ಉಳಿಯಲಿಲ್ಲ. ಚಿಹೊ ಅವತ್ತೇ ಮಗಳನ್ನು ಕರೆದುಕೊಂಡು ತವರು ಸೇರಿದಳು.

"ಚಿಹೊ ಅವರೇ, ಮಗು 'ಅಪ್ಪ ಬೇಡ' ಅಂತಾಳೆ ಅಂದ್ರಿ," ಎಂದಿದ್ದರು ಹೋದ ಸಲ ಸಂಧಾನಕಾರ್ತಿ ಓನೊದೆರಾ, ವಯಸ್ಸಾದ ಹೆಂಗಸು. "ನಿಜವಾಗ್ಲೂ ಬೇಡ್ವಾ, ಒಂದ್ಸಲ ನೋಡೋಣ. ಇಲ್ಲೇ ನಮ್ಮ ಆಟದ ಕೋಣೇಲಿ ಭೇಟಿ ಮಾಡ್ಸೋಣ. ನಮ್ಮ ಅಧಿಕಾರಿ ಒಳಗೇ ಕೂತಿರ್ತಾರೆ. ನೀವು ಕನ್ನಡಿ ಹಿಂದಿನಿಂದ ನೋಡ್ತಿರಿ. ನಿಮ್ಗೆ ಅವರು ಕಾಣ್ತಾರೆ, ಮಾತೂ ಕೇಳ್ಸತ್ತೆ; ಅವ್ರಿಗೆ ನೀವು ಕಾಣಲ್ಲ."

"ಹೆದರಿ ಅತ್ಬಿಟ್ರೆ?"

"ಅಲ್ಲಿಗೇ ನಿಲ್ಲಿಸ್ತೀವಿ."

ಇವತ್ತೇ ಆ ಭೇಟಿ; ಬೆಳಿಗ್ಗೆ ಮಿಯು ಅನ್ನ ಮುಟ್ಟಿರಲಿಲ್ಲ. ಚಿಹೊಳ ತಾಯಿ ಬಟ್ಟಲು ಎತ್ತುತ್ತಾ, "ಅಳಲಿ ಬಿಡೇ, ಒಳ್ಳೇದೇ ಆಯ್ತು. ಅವನ ಕಾಟ ಇವತ್ತಿಗೇ ತಪ್ಪತ್ತೆ" ಅಂದಿದ್ದಳು. ಆ ಮಾತು ಚಿಹೊಳ ಎದೆಯಲ್ಲಿ ಮುಳ್ಳಿನಂತೆ ನೆಟ್ಟಿತ್ತು. ಏಕೆಂದರೆ ಅವಳ ಮನಸ್ಸೂ ಒಳಗೊಳಗೇ ಅದನ್ನೇ ಬಯಸುತ್ತಿತ್ತು.

ಕನ್ನಡಿಯ ಹಿಂದಿನ ಕತ್ತಲಲ್ಲಿ ಓನೊದೆರಾ ಅವರ ಪಕ್ಕ ನಿಂತು ನೋಡಿದಳು. ತೊಮೊನೊರಿ ಸೊರಗಿಹೋಗಿದ್ದ. ಬಾಗಿಲ ಬಳಿಯೇ ಮಂಡಿಯೂರಿ ಕೂತ. ಮಿಯು ಬೆನ್ನು ತಿರುಗಿಸಿಕೊಂಡು ಗೊಂಬೆಯ ತಲೆ ಬಾಚುತ್ತಿದ್ದಳು.

"ಮಿಯು, ಅಪ್ಪ ಬಂದಿದೀನಿ."

ಬಾಚಣಿಗೆ ನಿಲ್ಲಲಿಲ್ಲ. ಅವನು ಹತ್ತಿರ ಹೋಗಲಿಲ್ಲ. ನೆಲದ ಮೇಲಿದ್ದ ಆಟದ ರೈಲು ಹಳಿಗಳನ್ನು ಜೋಡಿಸತೊಡಗಿದ. ರೈಲು ಎರಡು ಮಾರು ಓಡಿ ಪಲ್ಟಿ ಹೊಡೆಯಿತು. ಮತ್ತೆ ಜೋಡಿಸಿದ, ಮತ್ತೆ ಪಲ್ಟಿ.

"ಅಯ್ಯೋ, ಹಾಗಲ್ಲ! ಉಲ್ಟಾ ಹಾಕಿದೀಯ," ಎಂದಳು ಮಿಯು, ತಡೆಯಲಾಗದೆ.

"ಹೌದಾ ಟೀಚರ್? ಹೇಳ್ಕೊಡಿ ಮತ್ತೆ."

ಸ್ವಲ್ಪ ಹೊತ್ತಿಗೆ ಅವನು ಅಂಗಾತ ಮಲಗಿದ್ದ, ರೈಲು ಅವನ ಮೈಮೇಲೆ ಓಡುತ್ತಿತ್ತು. "ಮುಂದಿನ ನಿಲ್ದಾಣ ಹೊಟ್ಟೆ! ಹೊಟ್ಟೆಯಲ್ಲಿ ಇಳಿಯೋರು ದಯವಿಟ್ಟು ಜೋಪಾನ, ಗುಡುಗುಡು ಅಂತಿದೆ!" ಮಿಯು ಬಿದ್ದು ಬಿದ್ದು ನಕ್ಕಳು. ತವರಿಗೆ ಬಂದ ಮೇಲೆ ಚಿಹೊ ಆ ನಗು ಕೇಳಿರಲೇ ಇಲ್ಲ.

ಇದ್ದಕ್ಕಿದ್ದಂತೆ ಮಗು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿತು. ಬಾಗಿಲ ಕಡೆ ನೋಡಿತು.

"ಅಪ್ಪಾ, ನಾನು ನಕ್ಕಿದ್ದು ಅಮ್ಮಂಗೆ ಹೇಳ್ಬೇಡ."

"ಯಾಕೆ ಪುಟ್ಟಿ?"

"ಅಮ್ಮ ಅಳ್ತಾಳೆ. ನಾನು 'ಅಪ್ಪ ಬೇಡ' ಅಂದ್ರೆ ಅಳಲ್ಲ."

ತೊಮೊನೊರಿ ಎದ್ದು ಕೂತ. "ಅಮ್ಮನ್ನ ಅಳಿಸಿದ್ದು ನೀನಲ್ಲ, ನಾನು. ಅವತ್ತು ನಿನ್ನ ಕಾರಲ್ಲಿ ಬಿಟ್ಟು ಹೋಗ್ಬಿಟ್ಟೆ. ಅಮ್ಮ ಹೆದರಿದ್ರಲ್ಲಿ ಏನೂ ತಪ್ಪಿಲ್ಲ."

ಚಿಹೊ ಗಾಜಿಗೆ ಇನ್ನಷ್ಟು ಹತ್ತಿರ ಸರಿದಳು. ಕನ್ನಡಿಯ ಹಿಂದೆ ತಾನಿರುವುದು ಅವನಿಗೆ ಗೊತ್ತಿತ್ತು. ಅದು ತನಗೆ ಕೇಳಿಸಲೆಂದೇ ಆಡಿದ ಮಾತೋ, ಮನಸ್ಸಿನದೋ? ಬಗೆಹರಿಯಲಿಲ್ಲ. ಆದರೆ ಮಗುವಿಗೆ ಕನ್ನಡಿಯ ಗುಟ್ಟು ಗೊತ್ತಿರಲಿಲ್ಲ.

ಮನೆಗೆ ಮರಳುವಾಗ ಬಸ್ಸಿನಲ್ಲಿ ಮಿಯು ತಾನಾಗಿಯೇ, "ಅಷ್ಟೇನೂ ಚೆನ್ನಾಗಿರ್ಲಿಲ್ಲ" ಎಂದಳು.

"ನೀನು ನಕ್ಕಿದ್ದು ನಂಗೆ ಕೇಳಿಸ್ತು ಕಣೇ. ನಗ್ಬಹುದು. ಅಮ್ಮಂಗೇನೂ ಆಗಲ್ಲ."

ಮಗು ಅವಳ ಕಣ್ಣನ್ನೇ ಪರೀಕ್ಷಿಸುತ್ತಾ ಕೂತಿತು, ಇಳಿಯುವ ನಿಲ್ದಾಣ ಬರುವವರೆಗೂ.

ಮುಂದಿನ ಸಲ ಓನೊದೆರಾ ಕೇಳುವ ಮೊದಲೇ ಚಿಹೊ ಬಾಯಿಬಿಟ್ಟಳು. "ಅವರ ಮೇಲೆ ನಂಗೆ ನಂಬಿಕೆ ಇಲ್ಲ ಮೇಡಂ. ಆದ್ರೆ ಮಗು ನನಗೋಸ್ಕರ ಸುಳ್ಳು ಹೇಳ್ತಾ ಬೆಳೀಬಾರ್ದು." ಅವಳ ಷರತ್ತುಗಳು ಇಷ್ಟು: ಮಗಳು ತನ್ನ ಬಳಿಯೇ ಇರಬೇಕು. ತಿಂಗಳಿಗೊಮ್ಮೆ ಭೇಟಿ, ಅದೂ ಜೊತೆಗೆ ಇನ್ನೊಬ್ಬರಿರುವ ಕಡೆ. ಕಾರು ಹತ್ತಿಸಕೂಡದು. ಜೂಜು ಬಿಡಿಸುವ ವೈದ್ಯರ ಬಳಿ ಅವನು ಹೋಗುತ್ತಿರಬೇಕು.

ಓನೊದೆರಾ ಆಚೆ ಹೋಗಿ ಬಹಳ ಹೊತ್ತು ಬರಲಿಲ್ಲ. ಚಿಹೊ ಉಗುರು ಕಚ್ಚುತ್ತಾ ಕೂತಳು. ತಾನು ಹಗ್ಗ ಎಳೆದದ್ದು ಹೆಚ್ಚಾಯಿತೇ, ಸಡಿಲ ಬಿಟ್ಟದ್ದು ಹೆಚ್ಚಾಯಿತೇ?

"ಎಲ್ಲಕ್ಕೂ ಒಪ್ಪಿದಾರೆ," ಎಂದರು ಓನೊದೆರಾ ಮರಳಿ ಬಂದು. "ವಾರಕ್ಕೊಂದ್ಸಲ ಫೋನಲ್ಲಿ ಮಾತಾಡ್ಬಹುದಾ ಅಂತ ಕೇಳ್ತಿದಾರೆ."

"ಅದು ಈಗ್ಲೇ ಬೇಡ."

ಅದಕ್ಕೂ ಅವನು ತಲೆಬಾಗಿದನಂತೆ. ನ್ಯಾಯಾಧೀಶರು ಒಪ್ಪಂದ ಓದುವಾಗ ಸಂಧಾನ ಶುರುವಾದ ಮೇಲೆ ಇಬ್ಬರೂ ಮೊದಲ ಬಾರಿ ಒಂದೇ ಮೇಜಿನ ಮುಂದೆ ಕೂತರು.

ಒಪ್ಪಂದದ ನಂತರದ ಮೊದಲ ಭೇಟಿಯ ದಿನ ಚಿಹೊ ಭೇಟಿ ಕೇಂದ್ರದ ಎದುರಿನ ಕಾಫಿ ಅಂಗಡಿಯಲ್ಲಿ ಜೀವ ಕೈಯಲ್ಲಿ ಹಿಡಿದು ಕಾದಳು. ಬಿಸಿಲು ಏರುತ್ತಿತ್ತು. ಕಡೆಗೂ ಅಂಗಡಿಯ ಬಾಗಿಲು ತೆರೆಯಿತು. ಕೇಂದ್ರದ ಮೇಲ್ವಿಚಾರಕಿಯ ಕೈ ಬಿಡಿಸಿಕೊಂಡು ಓಡಿಬಂದ ಮಿಯು, ಅಮ್ಮನ ಮುಖ ನೋಡುವುದನ್ನೂ ಮರೆತು, ಏದುಸಿರು ಬಿಡುತ್ತಾ, "ಅಮ್ಮಾ, ಅಪ್ಪಂಗೆ ಕಾಗದದ ಕೊಕ್ಕರೆ ಮಡಚಕ್ಕೇ ಬರಲ್ಲ, ಗೊತ್ತಾ!" ಎಂದಳು.