ತ್ರಿಶಲಾ ಕಾಕೂ ಹಿಡಿದ ಮರ್ಡರುಗಳು

ತ್ರಿಶಲಾ ಕಾಕೂ ಹಿಂದೆ ನಡೆಯುವವರಿಗೆ ಡಿಕ್ಕಿ ತಪ್ಪಿದ್ದಲ್ಲ. ಮುಂದಿನ ನಾಲ್ಕು ಮೊಳ ನೆಲದ ಮೇಲೆಯೇ ದೃಷ್ಟಿಯಿಟ್ಟು, ನಿರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ತೀರಿಹೋದ ಗಂಡನ ಕರಿಯ ಕೋಟನ್ನು ಸೀರೆಯ ಮೇಲೆ ತೊಟ್ಟು ಸಾಗುವ ಆ ಕೃಶ ದೇಹ, ಇರುವೆಯ ಸಾಲು ಕಂಡರೆ ಸಾಕು, ಗಕ್ಕನೆ ನಿಂತುಬಿಡುತ್ತಿತ್ತು. ಹಿಂದೆ ಕೂಸನ್ನೆತ್ತಿಕೊಂಡು ಬರುತ್ತಿದ್ದ ಸ್ವಪ್ನಾಲಿಯ ಮೂಗು ಆ ಕೋಟಿಗೆ ಬಡಿಯುತ್ತಿತ್ತು.

"ಸಾವಕಾಶ ಬಾ ತಂಗಿ, ನನ್ನ ಮರ್ಡರ ಮಾಡ್ತಿಯೇನ?"

ಗಂಡ ಭೂಪಾಲ ಕಾಕಾ ಸಾಂಗ್ಲಿಯ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಅವರು ಬಂದವರೇ ತಾಟಿನ ಮುಂದೆ ಕೂತು ಅಂದಿನ ಖಟ್ಲೆ ಹೇಳುವರು. ಹಾಗೆ ಕಾಕೂಗೆ ದಕ್ಕಿದ ಇಂಗ್ಲಿಷ್ ಶಬ್ದ ಈ ಮರ್ಡರು ಒಂದೇ. ಅರ್ಥವನ್ನೂ ಅವರಿಂದಲೇ ಕೇಳಿಟ್ಟುಕೊಂಡಿದ್ದರು: ಕೈತಪ್ಪಿ ಕೊಂದರೆ ಅದು ಬೇರೆ, ತಿಳಿದು ಮನಸ್ಸು ಮಾಡಿ ಕೊಂದರೆ ಮಾತ್ರ ಮರ್ಡರು. ಕೋರ್ಟು ಅದನ್ನು ಮನುಷ್ಯರಿಗಷ್ಟೇ ಮೀಸಲಿಟ್ಟಿತ್ತು, ಕಾಕೂ ಇಡಲಿಲ್ಲ. ಜಿರಳೆಗೆ ಚಪ್ಪಲಿ ಎತ್ತಿದರೆ ಮರ್ಡರು, ರಸ್ತೆ ಅಗಲಿಸಲು ಬೇವು ಕಡಿದರೆ ಮರ್ಡರು, ಹೊಸದಾಗಿ ಬಂದ ಕೇಬಲ್ ಟೀವಿಯಲ್ಲಿ ಯಾರೋ ಬೇಸುರು ಹಾಡಿದರೆ ಅದೂ. ಹುಬ್ಬಳ್ಳಿಯ ಇಂಗ್ಲಿಷ್ ಶಾಲೆಯಲ್ಲಿ ಕಲಿತು ಕಾಕೂ ಇದ್ದ ಹಳೆಯ ದೊಡ್ಡ ಮನೆ, ಆ ವಾಡೆಯ ಹಿಂದಿನ ಮನೆಗೆ ಸೊಸೆಯಾಗಿ ಬಂದ ಸ್ವಪ್ನಾಲಿ, ಮೊದಲ ಸಲ ಚಹಾ ಕೊಟ್ಟಾಗ ತೀರ್ಪು ತಕ್ಷಣ ಬಂತು. "ಹಾಲಿಂದೂ ಮರ್ಡರ, ಪುಡೀದೂ ಮರ್ಡರ. ಎರಡ ಖಟ್ಲೆ ಆದುವಲ್ಲ!"

ಎಲ್ಲದಕ್ಕೂ ಗಾಬರಿಯಾಗುವ ಹುಡುಗಿ ಅಂದು ಅತ್ತೇಬಿಟ್ಟಿದ್ದಳು.

ವಾಡೆಯ ಬಾವಿಯ ನೀರನ್ನು ಕಾಕೂ ಎರಡು ಪದರಿನ ಅರಿವೆಯಲ್ಲಿ ಸೋಸುತ್ತಿದ್ದರು. ಸೋಸಿದ ಮೇಲೆ ಆ ಅರಿವೆಯನ್ನು ಹಗುರಾಗಿ ಜಾಲಿಸಿ, ಅದರಲ್ಲಿ ಸಿಕ್ಕ ಕಾಣದ ಜೀವಗಳನ್ನು ತಂಬಿಗೆಯಲ್ಲಿಟ್ಟು ಹಗ್ಗ ಕಟ್ಟಿ ಇಳಿಬಿಟ್ಟು, ಅದೇ ಬಾವಿಗೆ ಮುಟ್ಟಿಸುವುದು ನಿತ್ಯದ ವ್ರತ. ಯಾವ ನೀರಿನ ಜೀವ ಆ ನೀರಿಗೇ ಮರಳಬೇಕು.

ಮಗ್ಗುಲ ವಾಡೆಯನ್ನು ಅಪಾರ್ಟ್‌ಮೆಂಟಿಗೆಂದು ಕೆಡವಿದ ವರ್ಷ ಪಾಯದ ಗುಂಡಿಯಲ್ಲಿ ನೀರು ನಿಂತು ಓಣಿಯೆಲ್ಲ ಸೊಳ್ಳೆಯಾಯಿತು. ಸ್ವಪ್ನಾಲಿಯ ಕೂಸು ಶ್ರೇಯಸನಿಗೆ ಮಲೇರಿಯಾ ಬಂತು. ಗುಂಡಿಗೆ ಹಾಕಿದಂತೆ ಬಾವಿಗೂ ಸೊಳ್ಳೆಮರಿ ಸಾಯುವ ಎಣ್ಣೆ ಹಾಕಿಸಿ, ಇನ್ನೊಮ್ಮೆ ಬಂದರೆ ಕೂಸು ತಡೆಯಲಿಕ್ಕಿಲ್ಲ ಎಂದರು ಮಿರಜದ ಡಾಕ್ಟರು. ರಿಕ್ಷಾದಲ್ಲಿ ಮರಳುವಾಗ ಅವಳಿಗೆ ಕೂಸಿನ ಮೈಯ ಬಿಸಿಯಷ್ಟೇ ನೆನಪಿಗೆ ಬಂದ ಕಾಕೂ ಮುಖವೂ ಸುಡುತ್ತಿತ್ತು.

ಬಾವಿಗೆ ಎಣ್ಣೆ ಹಾಕಿಸಲೇ ಎಂದು ಕೇಳಿದಳು. ಕಾಕೂ ನೆಲ ನೋಡುತ್ತಲೇ ಮಾತಾಡಿದರು.

"ಬ್ಯಾರೆ ದಾರಿ ಇಲ್ಲಂದ್ನೇನ ಡಾಕ್ಟರ?"

"ಇಲ್ಲಂತ್ರಿ ಕಾಕೂ."

"ಹಾಕಸು ಹಂಗಾರ."

ಮುನಸಿಪಾಲ್ಟಿಯ ಆಳು ಎಣ್ಣೆ ಸುರಿಯುವಾಗ ಅವರು ಕೋಟು ತೊಟ್ಟು ಬಾವಿಕಟ್ಟೆಗೆ ಬಂದು ನಿಂತರು. ಅವಳು ಕಾದಿದ್ದ ಆ ಶಬ್ದ ಅವರ ಬಾಯಿಂದ ಬರಲಿಲ್ಲ. ಮರುದಿನದಿಂದ ನಳದ ನೀರು ಸೋಸಿದರು. ನಳಕ್ಕೆ ನೀರು ಬರುವುದು ಕೃಷ್ಣೆಯಿಂದಲ್ಲವೆ, ತಂಬಿಗೆ ಹಿಡಿದು ಘಾಟಿನವರೆಗೂ ನಡೆದರು.

ಕೂಸು ಚೇತರಿಸಿಕೊಂಡಿತು. ಸಂಕ್ರಾಂತಿಗೆ ಸ್ವಪ್ನಾಲಿ ಹೋಳಿಗೆ ಒಯ್ದಳು. ಪೇಟೆಯಲ್ಲಿ ಬೆಲ್ಲದ ಗಾಡಿ ಕಂಡರೆ ಚೂರು ಬೇಡಿ ಬಾಯಿಗೆ ಹಾಕಿಕೊಳ್ಳುವಷ್ಟು ಆಸೆಯ ಹೆಂಗಸು ತಾಟನ್ನು ಹಿಂದಕ್ಕೆ ಸರಿಸಿದರು.

"ಬೆಲ್ಲ ಬಿಟ್ಟೇನಿ."

"ಯಾವಾಗಿಂದರಿ?"

"ಬಾವಿಗೆ ಎಣ್ಣಿ ಬಿದ್ದಾಗಿಂದ. ತಿಳದ ಮಾಡೇವಿ, ಏನರ ಬಿಡಬೇಕಲ್ಲ."

"ಮಾಡಿಸಿದಾಕಿ ನಾನು ಕಾಕೂ! ನಾ ಬಿಡಬೇಕಿತ್ತು."

"ಮಾಡಿದಾಂವ, ಮಾಡಿಸಿದಾಕಿ, ಹೂಂ ಅಂದಾಕಿ, ಮೂರೂ ಮಂದೀದು ಒಂದ ತೂಕ. ನೀ ಕೂಸಿಗೆ ಮೊಲಿ ಕೊಡಾಕಿ, ಏನ ಬಿಡ್ತಿ? ಮದಲ ನೀ ತಿನ್ನು, ಹೋಳಿಗಿ ಆರತಾವು."

ಸಾಯುವವರೆಗೂ ಅವರು ಬೆಲ್ಲ ಮುಟ್ಟಲಿಲ್ಲ. ಈಗ ವಿಶ್ರಾಮಬಾಗ ಬಡಾವಣೆಯ ಫ್ಲ್ಯಾಟಿನಲ್ಲಿ ಸಂಜೆಯಾಗುತ್ತಲೇ ಕಿಟಕಿ ಮುಚ್ಚಿ, ಸೊಳ್ಳೆ ಕೊಲ್ಲುವ ಯಂತ್ರದ ಗುಂಡಿ ಒತ್ತುವಾಗ, ಬಾಗಿಲಲ್ಲಿ ಯಾರಾದರೂ ನಿಂತು ತನ್ನನ್ನು ಬೈಯಲಿ ಎಂದು ಸ್ವಪ್ನಾಲಿಯ ಜೀವ ಹಂಬಲಿಸುತ್ತದೆ. ಯಾರೂ ಬೈಯುವುದಿಲ್ಲ.

ಇಂಥ ಹೆಂಗಸರು ನಮ್ಮ ಸಣ್ಣಪುಟ್ಟ ತಪ್ಪುಗಳಿಗೆಲ್ಲ ದೊಡ್ಡ ಹೆಸರಿಟ್ಟು ಓಣಿಗೆ ಕೇಳುವಂತೆ ಕೂಗುತ್ತಾರೆ, ನಾವು ಸಿಡುಕುತ್ತೇವೆ. ನಿಜಕ್ಕೂ ಭಾರವಾದದ್ದು ನಮ್ಮ ಮೇಲೆ ಬಿದ್ದ ದಿನ ಮಾತ್ರ ಅವರು ಸದ್ದಿಲ್ಲದೆ ಬಂದು ಅದರ ಒಂದು ತುದಿಗೆ ಹೆಗಲು ಕೊಟ್ಟಿರುತ್ತಾರೆ. ಆ ತುದಿ ಎಷ್ಟು ತೂಕದ್ದಿತ್ತೆಂಬುದು ನಮಗೆ ತಿಳಿಯುವುದು, ಅವರಿಲ್ಲದ ಊರಿನಲ್ಲಿ ಎರಡೂ ತುದಿಗಳನ್ನು ನಾವೇ ಎತ್ತಬೇಕಾಗಿ ಬಂದಾಗ.