ಮೂರು ಮಾರಿಯ ಯಂತ್ರ

ಸಿನಿಮಾ ಕೆಟ್ಟದಾಗಿದ್ದರೆ ಅದನ್ನು ತೆಗೆದವನಿಗೆ ಬೈಯಬೇಕು. ಕತೆ ಬರೆದವನಿಗೂ ಬೈಯಬಹುದು. ಹೋಗೋಣ ಬಾ ಎಂದು ಜೀವ ತಿಂದ ಗೆಳೆಯನಿಗಂತೂ ಧಾರಾಳವಾಗಿ ಬೈಯಬಹುದು. ಆದರೆ ವೈಟ್‌ಫೀಲ್ಡಿನ ಆ ಮಾಲ್‌ಗೆ ಗೂಢಚಾರನ ಸಿನಿಮಾದ ಎರಡನೇ ಭಾಗ ಬಂದಾಗ, ನೋಡಿದವರ ಸಿಟ್ಟೆಲ್ಲ ಹೋಗಿ ಬಿದ್ದದ್ದು ಮೂರನೇ ಸ್ಕ್ರೀನಿನ ಕಸ ಗುಡಿಸುವ ದುರ್ಗವ್ವನ ತಲೆಯ ಮೇಲೆ.

ಆದದ್ದು ಇಷ್ಟು. ಸಿನಿಮಾ ಮುಗಿಸಿ ಹೊರಬರುವ ದಾರಿಯಲ್ಲಿ, ಎದೆಯೆತ್ತರದ ಕಂಬದ ಮೇಲೆ ಒಂದು ಯಂತ್ರವಿತ್ತು. ಅದರಲ್ಲಿ ಮೂರು ಗುಂಡಿ, ಒಂದೊಂದಕ್ಕೂ ಒಂದೊಂದು ಮುಖ: ನಗುವ ಹಸಿರು, ಸುಮ್ಮನಿರುವ ಹಳದಿ, ಹುಬ್ಬು ಗಂಟಿಕ್ಕಿದ ಕೆಂಪು. ಮೇಲೆ ಇಂಗ್ಲಿಷಿನಲ್ಲಿ, ಇಂದು ನಮ್ಮ ಸ್ವಚ್ಛತೆ ಹೇಗಿತ್ತು ಎಂದು ಬರೆದಿತ್ತು. ಅಕ್ಷರ ಸಾಸಿವೆಯಷ್ಟು, ಗುಂಡಿ ಹೋಳಿಗೆಯಷ್ಟು. ಯಾರು ಓದುತ್ತಾರೆ? ದುರ್ಗವ್ವನ ಕೊಪ್ಪಳದ ಕಡೆ ಮುಖಕ್ಕೆ ಮಾರಿ ಎನ್ನುತ್ತಾರಾದ್ದರಿಂದ ಅವಳು ಅದನ್ನು ಮೂರು ಮಾರಿಯ ಯಂತ್ರ ಎಂದು ಕರೆಯುತ್ತಿದ್ದಳು. ಇಷ್ಟು ದಿನ ಅದು ಅವಳಿಗೆ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ.

ಎರಡನೇ ಭಾಗ ಶುಕ್ರವಾರ ಬಂತು. ಸೋಮವಾರ ಸೂಪರ್‌ವೈಸರ್ ಭಾನುಪ್ರಕಾಶ್ ಅವಳನ್ನು ತನ್ನ ಗೂಡಿನಂಥ ಕೋಣೆಗೆ ಕರೆದು ಮೊಬೈಲ್ ತೋರಿಸಿದ.

"ಏನ್ ದುರ್ಗವ್ವ ಇದು? ನೂರಕ್ಕೆ ಅರವತ್ತು ಕೆಂಪು! ಮೂರನೇ ಒಂದು ಭಾಗ ದಾಟಂಗಿಲ್ಲ ಅಂತ ಕ್ಲೀನಿಂಗ್ ಏಜೆನ್ಸಿ ರೂಲು. ನೀನೇನು ಗುಡಿಸ್ತಿದ್ಯೋ, ಇಲ್ಲ ಪಾಪ್‌ಕಾರ್ನ್ ಚೆಲ್ತಿದ್ಯೋ?"

"ಸಾರ್, ನಿಮ್ಮ ಕಣ್ಣಾರೆ ಬಂದು ನೋಡ್ರಿ. ನೆಲದ ಮ್ಯಾಲ ಅನ್ನ ಹಾಕ್ಕೊಂಡು ಉಣ್ಣಬಹುದು."

"ನಾನ್ ನೋಡಿದ್ರೆ ಏನ್ ಬಂತು, ಮೆಷಿನ್ ನೋಡ್ಬೇಕಲ್ಲ. ಈ ವಾರನೂ ಹಿಂಗೇ ಆದ್ರೆ ನಿನ್ನ ಜಿಗಣಿ ಫ್ಯಾಕ್ಟ್ರಿಗೆ ಹಾಕ್ತಾರೆ. ನನ್ ಕೈಲಿ ಏನಿಲ್ಲ ಕಣಮ್ಮ."

ಜಿಗಣಿ ಎಂದ ಕೂಡಲೇ ದುರ್ಗವ್ವ ಮನಸ್ಸಿನಲ್ಲೇ ತಾಸು ಎಣಿಸಿದಳು. ಅವಳಿದ್ದದ್ದು ದೊಡ್ಡನೆಕ್ಕುಂದಿಯ ಒಂದು ಬಾಡಿಗೆ ಕೋಣೆಯಲ್ಲಿ. ಗಂಡ ಹಣಮಂತ ಕಟ್ಟಡದ ಕೆಲಸದವನು, ಕತ್ತಲಾಗದೆ ಮನೆ ಸೇರುವವನಲ್ಲ. ಮಗಳು ನೀಲಾಂಬಿಕಾಗೆ ಮೂರೂವರೆ ವರ್ಷ. ಅಂಗನವಾಡಿ ನಾಲ್ಕಕ್ಕೆ ಮುಚ್ಚುತ್ತದೆ. ಮೂರಕ್ಕೆ ಕೆಲಸ ಮುಗಿಸಿ ಬಸ್ಸು ಹಿಡಿದರೆ ನಾಲ್ಕರೊಳಗೆ ಕೂಸು ಕಂಕುಳಲ್ಲಿರುತ್ತದೆ. ಜಿಗಣಿಗೆ ಹಾಕಿದರೆ ಹೋಗಲು ಎರಡು ತಾಸು, ಬರಲು ಎರಡು ತಾಸು, ಮನೆ ಮುಟ್ಟುವಾಗ ಸಂಜೆ ಏಳು. ಆಗ ಕೂಸನ್ನು ಮತ್ತೆ ಊರಿಗೆ, ಅಜ್ಜಿಯ ಹತ್ತಿರ ಬಿಡದೆ ಗತಿಯಿಲ್ಲ.

ಮೊದಲು ಹಾಗೆಯೇ ಬಿಟ್ಟಿದ್ದಳು, ಒಂದೂವರೆ ವರ್ಷ. ಈ ಜೂನ್‌ನಲ್ಲಿ ಕರೆತರಲು ಹೋದಾಗ ನೀಲಾಂಬಿಕಾ ಅಜ್ಜಿಯ ಸೆರಗಿನ ಹಿಂದೆ ಅವಿತುಕೊಂಡು, "ಆಕಿ ಯಾರಬೇ?" ಎಂದು ಕೇಳಿದ್ದಳು. ಆ ಮಾತು ದುರ್ಗವ್ವನ ಹೊಟ್ಟೆಯಲ್ಲಿ ಈಗಲೂ ಹಾಗೇ ಕೂತಿತ್ತು. ಇನ್ನೊಮ್ಮೆ ಅದನ್ನು ಕೇಳುವ ಶಕ್ತಿ ಅವಳಿಗಿರಲಿಲ್ಲ.

ಕೋಣೆಯಿಂದ ಬಂದವಳೇ ಮಧ್ಯಾಹ್ನದ ಆಟ ಬಿಡುವ ಹೊತ್ತಿಗೆ ಯಂತ್ರದ ಆಚೆಯ ಗೋಡೆಗೆ ಒರಗಿ ನಿಂತಳು. ಬಾಗಿಲು ತೆರೆಯಿತು. ಮೊದಲು ಬಂದವನು ಕೊರಳಲ್ಲಿ ಕಂಪನಿಯ ಗುರುತಿನ ಪಟ್ಟಿ ನೇತುಹಾಕಿಕೊಂಡಿದ್ದ ಯುವಕ.

"ಫಸ್ಟ್ ಪಾರ್ಟ್‌ನಲ್ಲಿ ಸೇತುವೆ ಮೇಲಿಂದ ಬಿದ್ದು ಸತ್ತೋನು ಇದ್ರಲ್ಲಿ ಹೆಂಗ್ ಮಗಾ ಎದ್ದು ಬಂದ? ನಮ್ಮನ್ನೇನು ಕುರಿ ಅನ್ಕೊಂಡಿದಾರಾ?" ಎಂದು ಗೆಳೆಯನಿಗೆ ಹೇಳುತ್ತಲೇ ಕೆಂಪಿನ ಮೇಲೆ ರಪ್ಪೆಂದು ಹೊಡೆದ.

ಗೆಳೆಯ, "ಬಿಡು ಗುರು, ಫೈಟ್ ಸಕ್ಕತ್ತಾಗಿತ್ತಲ್ಲ," ಎಂದ. ಎಂದವನು ಹಸಿರು ಒತ್ತಬೇಕೋ ಬೇಡವೋ? ಅವನೂ ಕೆಂಪನ್ನೇ ಒತ್ತಿದ. ಹಿಂದೆ ಬಂದ ಹೆಂಗಸು, ಹೀರೋ ವಿಮಾನದ ರೆಕ್ಕೆಯ ಮೇಲೆ ನಿಂತು ಫೋನಿನಲ್ಲಿ ಮಾತಾಡಿದ್ದಕ್ಕೆ ಒಂದು ಕೆಂಪು, ವಿಲನ್ ಇಪ್ಪತ್ತು ನಿಮಿಷ ಭಾಷಣ ಬಿಗಿದದ್ದಕ್ಕೆ ಇನ್ನೊಂದು ಕೆಂಪು, ಹೀಗೆ ಎರಡೆರಡು ಸಲ ಗುದ್ದಿ ಹೋದಳು.

ದುರ್ಗವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಓಡಿಹೋಗಿ ಯಂತ್ರದ ಪಕ್ಕ ನಿಂತು, "ಅಣ್ಣಾರ, ಇದು ಪಿಚ್ಚರಿಗಲ್ರಿ, ನೆಲದ ಸ್ವಚ್ಛಕ್ಕ ರೀ," ಎಂದಳು. ಕೇಳಿದವರು ನಾಲ್ಕು ಜನ. ಒಬ್ಬ ನಕ್ಕು, "ಪಿಚ್ಚರೇ ಗಲೀಜಾಗಿತ್ತು ಬಿಡಮ್ಮ," ಎಂದು ಕೆಂಪನ್ನೇ ಒತ್ತಿದ. ಸ್ವಲ್ಪ ಹೊತ್ತಿಗೆ ಭಾನುಪ್ರಕಾಶ್ ಬಂದು, ಯಂತ್ರದಿಂದ ಹತ್ತು ಅಡಿಯೊಳಗೆ ಕೆಲಸದವರು ಯಾರೂ ನಿಲ್ಲಕೂಡದು, ಜನರ ಅಭಿಪ್ರಾಯ ತಿರುಚಿದಂತಾಗುತ್ತದೆ, ಮೇಲೆ ಕ್ಯಾಮೆರಾ ಇದೆ ಎಂದು ಗದರಿ ಕಳಿಸಿದ. ಜನ ಸಿನಿಮಾಗೆ ಒತ್ತುತ್ತಿದ್ದಾರೆ ಎಂದು ಅವಳು ಹೇಳಿದ್ದಕ್ಕೆ, "ರಿಪೋರ್ಟಲ್ಲಿ ಅದಕ್ಕೆಲ್ಲ ಕಾಲಂ ಇಲ್ಲ," ಎಂದ.

ಕಾಲಂ ಇಲ್ಲವಂತೆ! ಕೂಸು ಊರಿಗೆ ಹೋಗುವುದಕ್ಕೆ ಕಾಲಂ ಇದೆಯೇ?

ದಾರಿ ಸಿಕ್ಕಿದ್ದು ಮಂಗಳವಾರ, ಅದೂ ತಾನಾಗಿಯೇ. ಬಾಗಿಲ ಹತ್ತಿರ ಯಾರೋ ಜ್ಯೂಸ್ ಚೆಲ್ಲಿದ್ದನ್ನು ಅವಳು ಒರೆಸುತ್ತಿದ್ದಳು. ದಪ್ಪ ಮನುಷ್ಯನೊಬ್ಬ ದುಮುದುಮು ಎನ್ನುತ್ತ ಬಂದ. ಜಾರಿ ಬಿದ್ದರೆ ಅದಕ್ಕೊಂದು ಬೇರೆ ಕೆಂಪು ಎಂದು ಹೆದರಿ, "ನಿಲ್ರಿ ಸಾರ್, ಹಸಿ ಐತಿ," ಎಂದಳು. ಅವನು ನಿಂತ. ಸುಮ್ಮನೆ ನಿಲ್ಲಿಸಿದ್ದಕ್ಕೆ ಏನಾದರೂ ಮಾತಾಡಬೇಕಲ್ಲ ಎಂದು, "ಹೆಂಗಿತ್ತ್ರಿ ಪಿಚ್ಚರ್?" ಎಂದು ಕೇಳಿದಳು.

ಕೇಳಿದ್ದೇ ತಡ, ಕಟ್ಟೆ ಒಡೆಯಿತು. ಮೊದಲನೇ ಭಾಗ ಹೇಗಿತ್ತು, ಅದನ್ನು ತಾನು ಎಷ್ಟು ಸಲ ನೋಡಿದ್ದೆ, ಇದರಲ್ಲಿ ಹೀರೋಯಿನ್ ಯಾಕೆ ಬಂದಳು, ಬಂದವಳು ಯಾಕೆ ಹೋದಳು, ಎಲ್ಲವನ್ನೂ ಅವನು ನಿಂತಲ್ಲೇ ಹೇಳಿದ. ದುರ್ಗವ್ವ ಹೂಂ ರೀ, ಹೌದ್ರಿ, ಅಯ್ಯ ಶಿವನ, ಎಂದಳು. ಐದು ನಿಮಿಷಕ್ಕೆ ಅವನ ಮುಖ ತಿಳಿಯಾಯಿತು. "ಬರ್ತೀನಮ್ಮ," ಎಂದು ಯಂತ್ರದ ಮುಂದೆಯೇ ಹಾದುಹೋದ. ಯಾವ ಗುಂಡಿಯನ್ನೂ ಮುಟ್ಟಲಿಲ್ಲ.

ದುರ್ಗವ್ವ ನೆಲ ಒರೆಸುವ ಕೋಲು ಹಿಡಿದು ನಿಂತಲ್ಲೇ ನಿಂತಳು. ಜನಕ್ಕೆ ಬೇಕಾದದ್ದು ಗುಂಡಿಯಲ್ಲ, ಕಿವಿ.

ಜೊತೆಗೆ ಕೆಲಸ ಮಾಡುವ ಶಾಂತಿಗೆ ಹೇಳಿದಳು. ಶಾಂತಿ ಬುದ್ಧಿವಂತೆ. "ನೀ ಕೇಳು ಅಕ್ಕ, ನಾ ಒಳಗೆ ಗುಡಿಸ್ತೀನಿ. ಆದ್ರೆ ಬೇಗ ಕೇಳು," ಎಂದಳು.

ಅಂದಿನಿಂದ ಬಾಗಿಲಿನ ಬಳಿ, ಯಂತ್ರದಿಂದ ಅಳೆದು ಹನ್ನೆರಡು ಅಡಿ ದೂರದಲ್ಲಿ, ಒಣಗಿದ ನೆಲವನ್ನೇ ಮತ್ತೆ ಮತ್ತೆ ಒರೆಸುತ್ತ ದುರ್ಗವ್ವ ನಿಂತಳು. ಬಂದವರಿಗೆಲ್ಲ ಒಂದೇ ಪ್ರಶ್ನೆ. ಉತ್ತರ ಹೇಳಲು ಜನ ಸಾಲುಗಟ್ಟಿದರು. ಕನ್ನಡದಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ, ಅವಳಿಗೆ ಒಂದಕ್ಷರವೂ ತಿಳಿಯದ ಇಂಗ್ಲಿಷಿನಲ್ಲಿ ಹೇಳಿದರು. ಭಾಷೆ ಯಾವುದಾದರೂ ತಕರಾರು ಒಂದೇ: ಮೊದಲನೇ ಭಾಗದ ಹಾಗಿಲ್ಲ. ಮೊದಲನೇ ಭಾಗ ಬಂದಾಗಲೂ ಇದೇ ಜನ ಹೀಗೇ ಗೊಣಗಿದ್ದರೆಂದು ಅವಳಿಗೆ ಅನುಮಾನ. ಮೆಚ್ಚಿದವರ ಕಾಟ ಇನ್ನೂ ಹೆಚ್ಚು. ಒಬ್ಬ ನಿವೃತ್ತ ಮೇಷ್ಟ್ರು ಮೂರು ದಿನ ಬಂದು, ಆ ಗೂಢಚಾರ ಸೂಟ್‌ಕೇಸಿಗೆ ಹಾಕಿದ ಬೀಗದ ಅಂಕಿಗಳಲ್ಲೇ ಮೂರನೇ ಭಾಗದ ಕತೆ ಅಡಗಿದೆ ಎಂದು ವಿವರಿಸಿದರು.

ಪಾಪ, ದುರ್ಗವ್ವ ಆ ಸಿನಿಮಾದಲ್ಲಿ ನೋಡಿದ್ದು ಕಡೆಯ ಹತ್ತು ನಿಮಿಷ ಮಾತ್ರ, ಅದೂ ಕಸದ ಚೀಲ ಹಿಡಿದು ಕತ್ತಲಲ್ಲಿ ಕಾಯುವಾಗ. ಆದರೂ ಗುರುವಾರದ ಹೊತ್ತಿಗೆ ಅವಳಿಗೆ ಇಡೀ ಕತೆ ಬಾಯಿಪಾಠವಾಗಿತ್ತು. ತಲೆ ಚಿಟ್ಟು ಹಿಡಿದಿತ್ತು. ಕನಸಿನಲ್ಲಿ ವಿಲನ್ ಭಾಷಣ ಮಾಡುತ್ತಿದ್ದ. ಹಣಮಂತ ಊಟಕ್ಕೆ ಕೂತು, "ಆ ಪಿಚ್ಚರ್ ಭಾಳ ಕೆಟ್ಟೈತಂತಲ್ಲ," ಎಂದಾಗ, "ಇನ್ನೊಮ್ಮೆ ಅದರ ಸುದ್ದಿ ತಗದ್ರ ರೊಟ್ಟಿ ಹಾಕೂದಿಲ್ಲ ನೋಡು," ಎಂದು ಸಿಡುಕಿದಳು.

ಆದರೆ ಕೆಂಪು ಇಳಿಯುತ್ತಿತ್ತು. ಅದನ್ನು ಅವಳು ಕಣ್ಣಲ್ಲೇ ಎಣಿಸುತ್ತಿದ್ದಳು.

ಶನಿವಾರ ಎರಡೂ ಮುಕ್ಕಾಲರ ಸುಮಾರಿಗೆ ಆಟ ಬಿಟ್ಟಿತು. ಮೇಷ್ಟ್ರು ಆಗಲೇ ಅವಳನ್ನು ಹಿಡಿದು ಬೀಗದ ಅಂಕಿಗಳನ್ನು ಕೂಡಿಸಿ ತೋರಿಸುತ್ತಿದ್ದರು. ಅವರ ಭುಜದ ಮೇಲಿಂದ ದುರ್ಗವ್ವ ನೋಡಿದಳು. ನೀಲಿ ಹೂವಿನ ಅಂಗಿ ತೊಟ್ಟ ಭಾನುಪ್ರಕಾಶ್, ರಜೆಯ ದಿನ, ಹೆಂಡತಿ ವೇಣಿಯ ಜೊತೆ ಒಳಗಿನಿಂದ ಬರುತ್ತಿದ್ದ. ಮುಖ ಸುಟ್ಟ ಬದನೆಕಾಯಿ.

"ಎರಡೂ ಮುಕ್ಕಾಲು ಗಂಟೆ ಕಣೇ! ಎರಡೂ ಮುಕ್ಕಾಲು ಗಂಟೆ!" ಎನ್ನುತ್ತ ಬಂದ. ಯಂತ್ರದ ಮುಂದೆ ಒಂದು ಕ್ಷಣವೂ ನಿಲ್ಲಲಿಲ್ಲ. ನಡೆಯುತ್ತಲೇ ಅಂಗೈ ಎತ್ತಿ ಕೆಂಪಿನ ಮೇಲೆ ಫಟಾರೆಂದು ಬಾರಿಸಿ, ಹೆಂಡತಿಯೊಡನೆ ಎಸ್ಕಲೇಟರ್ ಹತ್ತಿದ.

ದುರ್ಗವ್ವನ ಕೈಯಿಂದ ಕೋಲು ಜಾರಿತು. ಬೇರೆಯವರಾದರೆ ಓದಿರಲಿಲ್ಲ ಎನ್ನಬಹುದು. ಈತ ಆ ಕಂಬವನ್ನು ಮುಂದೆ ನಿಂತು ನಿಲ್ಲಿಸಿದವನು. ವಾರವಿಡೀ ಆ ಮಾರಿಯನ್ನು ತೋರಿಸಿಯೇ ಅವಳನ್ನು ಹೆದರಿಸಿದವನು!

ಸೋಮವಾರ ಮೂರು ಗಂಟೆಗೆ ಅವಳು ಗೂಡಿನಂಥ ಕೋಣೆಯಲ್ಲಿ ನಿಂತಿದ್ದಳು. ಭಾನುಪ್ರಕಾಶ್ ಮೊಬೈಲ್ ನೋಡಿ ತುಟಿ ಕಚ್ಚಿದ. ಅವನಿಗೂ ಬೇಸರವಾಗಿದ್ದು ನಿಜ.

"ಭಾಳ ಇಳಿದಿದೆ ದುರ್ಗವ್ವ, ಸುಳ್ಳು ಹೇಳಲ್ಲ. ನಿನ್ನ ಶಿಫ್ಟಲ್ಲಿ ಒಟ್ಟು ಒತ್ತಿರೋದೇ ನಲವತ್ತು. ಅದ್ರಲ್ಲಿ ಕೆಂಪು ಹದಿನಾಲ್ಕು. ಒಂದೇ ಒಂದು ಕೆಂಪು ಇಲ್ದಿದ್ರೆ ಪಾರಾಗ್ತಿದ್ದೆ. ಏನ್ ಮಾಡೋದು ಹೇಳು, ರೂಲು ರೂಲೇ. ನಾಳೆಯಿಂದ ಜಿಗಣಿ."

ಒಂದೇ ಒಂದು. ಅದು ಯಾರದ್ದೆಂದು ದುರ್ಗವ್ವನಿಗೆ ಗೊತ್ತಿತ್ತು. ಹೇಳಿದರೆ ಇದ್ದ ಕೆಲಸವೂ ಹೋಗಬಹುದು. ಹೇಳದಿದ್ದರೆ ಕೂಸು ಹೋಗುತ್ತದೆ.

"ಸಾರ್, ಯಾವಾಗ ಒತ್ಯಾರ ಅಂತ ಅದರಾಗ ಇರ್ತೈತೇನ್ರಿ?"

"ಹೂಂ, ಟೈಮ್ ಇರುತ್ತೆ."

"ಶನಿವಾರ ಎರಡೂ ಮುಕ್ಕಾಲಕ್ಕ ನೋಡ್ರಿ."

ಅವನು ಬೆರಳಾಡಿಸಿದ. "ಎರಡು ನಲವತ್ತಮೂರು. ಒಂದು ಕೆಂಪು. ಅದಕ್ಕೇನೀಗ?"

"ನೀಲಿ ಹೂವಿನ ಅಂಗಿ ರೀ ಸಾರ್. ವೇಣಿ ಮೇಡಂ ಜೋಡಿ ಇದ್ರು."

ಭಾನುಪ್ರಕಾಶ್ ತಲೆಯೆತ್ತಿದ. "ನಾನಾ? ನಾನ್ ಯಾಕಮ್ಮ ಒತ್ಲಿ? ನಂಗೊತ್ತಿಲ್ವಾ ಅದು ಯಾತಕ್ಕಿದೆ ಅಂತ?" ಎಂದು ದನಿಯೇರಿಸಿದವನು ಅರ್ಧದಲ್ಲೇ ನಿಂತ. ತನ್ನ ಬಲಗೈಯನ್ನು ತಾನೇ ಒಮ್ಮೆ ನೋಡಿಕೊಂಡ.

ವಾರದ ಅಭ್ಯಾಸಬಲದಿಂದ ದುರ್ಗವ್ವನ ಬಾಯಿಂದ ಮಾತು ತಾನಾಗಿ ಬಂದುಬಿಟ್ಟಿತು. "ಹೆಂಗಿತ್ತ್ರಿ ಸಾರ್, ಪಿಚ್ಚರ್?"

"ಅಯ್ಯೋ, ಅದೇನ್ ಕೇಳ್ತೀಯ ದುರ್ಗವ್ವ!" ಭಾನುಪ್ರಕಾಶ್ ಕುರ್ಚಿಗೆ ಕುಸಿದ. "ಮೂರು ವರ್ಷ ಕಾದಿದ್ದೆ ಕಣಮ್ಮ ಇದಕ್ಕೆ. ಫಸ್ಟ್ ಪಾರ್ಟಲ್ಲಿ ಹೀರೋನ ಗುರು ಸೇತುವೆಯಿಂದ ಬಿದ್ದು ಸತ್ತಾಗ ನಾನ್ ಅತ್ತಿದ್ದೆ ಗೊತ್ತಾ? ನಿಜವಾಗ್ಲೂ ಅತ್ತಿದ್ದೆ. ಈಗ ಬಂದು ಸತ್ತಿಲ್ಲ, ನಾನೇ ವಿಲನ್ನು ಅಂತಾನೆ. ಹಂಗಾದ್ರೆ ನಾನ್ ಅತ್ತಿದ್ದಕ್ಕೆ ಏನ್ ಅರ್ಥ?" ಅವಳು ಹೂಂ ರೀ ಎಂದಳು. ಹೌದ್ರಿ ಎಂದಳು. ಗೋಡೆಯ ಗಡಿಯಾರ ಮೂರೂ ಹತ್ತು ದಾಟಿ ಮೂರೂ ಕಾಲಾಯಿತು. ಎಲ್ಲ ಹೇಳಿ ಮುಗಿಸಿ, ಉಸಿರು ಬಿಟ್ಟು, ಅವನು ಏಜೆನ್ಸಿಯ ಮ್ಯಾನೇಜರಿಗೆ ಫೋನು ಮಾಡಿದ.

"ಶ್ರೀಧರ್ ಸಾರ್, ನಿಮ್ಗೆ ಕಳಿಸಿದ್ನಲ್ಲ ರಿಪೋರ್ಟು, ಅದ್ರಲ್ಲೊಂದು ತಿದ್ದುಪಡಿ. ಶನಿವಾರದ್ದೊಂದು ಕೆಂಪು ಲೆಕ್ಕಕ್ಕಿಲ್ಲ. ಅದು ನಂದು ಸಾರ್. ಹೌದು, ನಾನೇ ಒತ್ತಿದ್ದು. ಇಲ್ಲ ಇಲ್ಲ, ನೆಲ ಕ್ಲೀನಾಗೇ ಇತ್ತು. ಸಿನಿಮಾಗೆ ಸಾರ್. ಅದೇ, ಎರಡನೇ ಭಾಗ." ಆ ಕಡೆಯಿಂದ ಏನೋ ದೊಡ್ಡ ದನಿ ಕೇಳಿಸಿತು. ಭಾನುಪ್ರಕಾಶ್‌ನ ಮುಖ ಅರಳಿತು. "ನೀವೂ ನೋಡಿದ್ರಾ ಸಾರ್? ಅಲ್ವಾ? ಆ ವಿಮಾನದ ರೆಕ್ಕೆ ಸೀನು..."

ದುರ್ಗವ್ವ ಕಾದಳು. ಮೂರೂ ಇಪ್ಪತ್ತಾಯಿತು. ಮೂರೂ ಇಪ್ಪತ್ತೈದಾಯಿತು. ಅತ್ತ ಕಡೆಯವನೂ ಬಿಡಲೊಲ್ಲ, ಇತ್ತ ಕಡೆಯವನೂ ಬಿಡಲೊಲ್ಲ.

"ಸಾರ್!" ಎಂದಳು ಕೊನೆಗೆ, ತನಗೇ ಗಾಬರಿಯಾಗುವಷ್ಟು ಜೋರಾಗಿ. "ಜಿಗಣಿ ಪಟ್ಟಿಯಾಗಿಂದ ನನ್ನ ಹೆಸರು ಹೊಡದ್ರೋ ಇಲ್ಲೋ?"

ಅವನು ಫೋನಿಗೆ ಅಂಗೈ ಅಡ್ಡ ಹಿಡಿದ. "ಆಯ್ತು ಹೋಗಮ್ಮ, ಜಿಗಣಿ ಇಲ್ಲ, ಏನಿಲ್ಲ. ಇಲ್ಲೇ ಇರು," ಎಂದು ಮತ್ತೆ ವಿಮಾನದ ರೆಕ್ಕೆಗೆ ಹತ್ತಿದ.

ಅವಳು ಬಸ್ಸಿನಿಂದಿಳಿದು ಓಡಿದಾಗ ನಾಲ್ಕೂ ಇಪ್ಪತ್ತು. ಅಂಗನವಾಡಿಯ ಮೆಟ್ಟಿಲ ಮೇಲೆ ನೀಲಾಂಬಿಕಾ ಒಬ್ಬಳೇ ಕೂತಿದ್ದಳು. ಹಿಂದೆ ಟೀಚರ್ ಅನುಸೂಯಮ್ಮ ಬೀಗದ ಕೈ ಹಿಡಿದು ನಿಂತಿದ್ದರು. ಮಗಳು ದೂರದಿಂದಲೇ ಕಂಡು, "ಅವ್ವಾ!" ಎಂದು ಕೂಗಿ ಎದ್ದಳು. ಆ ಒಂದು ಕೂಗಿಗೆ ದುರ್ಗವ್ವನ ಕಣ್ಣು ತುಂಬಿತು. ಬಾಚಿ ಎತ್ತಿ ಕಂಕುಳಿಗೆ ಹಾಕಿಕೊಂಡು ಮುದ್ದಿಟ್ಟಳು.

"ಏನಮ್ಮ ಇಷ್ಟೊತ್ತು?" ಎಂದರು ಅನುಸೂಯಮ್ಮ ಮುನಿಸಿನಿಂದ.

"ತಪ್ಪಾತ್ರಿ ಟೀಚರ್. ಆ ಹೊಸಾ ಪಿಚ್ಚರಿನ ಸುದ್ದಿ ಮಾತಾಡಾಕತ್ತಿದ್ರು, ಬಿಡ್ಲೇ ಇಲ್ಲ."

ಅನುಸೂಯಮ್ಮನ ಮುನಿಸು ಅಲ್ಲೇ ಕರಗಿತು. ಬೀಗ ಹಾಕುವುದನ್ನು ಬಿಟ್ಟು ಎರಡು ಹೆಜ್ಜೆ ಹತ್ತಿರ ಬಂದರು. "ಆ ಸ್ಪೈದು ಸೆಕೆಂಡ್ ಪಾರ್ಟಾ? ಭಾನುವಾರ ಹೋಗೋಣ ಅಂತಿದ್ದೀವಿ ಕಣೇ. ಹೆಂಗಿದ್ಯಂತೆ?"

ದುರ್ಗವ್ವ ಅವರ ಮುಖವನ್ನೇ ನೋಡಿದಳು. ಹೇಳಬೇಕೆಂದರೆ ರಾತ್ರಿಯಾಗುವವರೆಗೆ ಹೇಳಬಹುದಿತ್ತು. ಮಗಳ ಕಾಲಿನ ಚಪ್ಪಲಿ ಸರಿಮಾಡಿ, ಸೆರಗು ಬಿಗಿದುಕೊಂಡಳು.

"ಪಿಚ್ಚರ್ ಹೆಂಗೈತೋ ನನಗೊತ್ತಿಲ್ರಿ ಟೀಚರ್," ಎಂದಳು. "ನೆಲ ಮಾತ್ರ ಭಾಳ ಸ್ವಚ್ಛ ಐತ್ರಿ."