ನಡೆಯಲಾಗದೇನೋ

ಪಾಂಡವಪುರದ ಅಂಗವಿಕಲರ ಕೇಂದ್ರಕ್ಕೆ ಹರಾದಾ ಮಿತ್ಸುಕೊ ಜಪಾನಿನಿಂದ ಬಂದಿಳಿದಾಗ ಆಕೆಗೆ ಕನ್ನಡ ಬರುತ್ತಿರಲಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಅದು ತೊಂಬತ್ತನಾಲ್ಕನೇ ಇಸವಿ. ಬೆನ್ನುಮೂಳೆ ಮುರಿದವರಿಗೆ, ಪೋಲಿಯೋ ಆದವರಿಗೆ ವ್ಯಾಯಾಮ ಮಾಡಿಸಲು ಎರಡೂವರೆ ವರ್ಷದ ಮಟ್ಟಿಗೆ ಬಂದಿದ್ದ, ನಲವತ್ತು ದಾಟಿದ ಹೆಂಗಸು. ಊರವರ ಬಾಯಲ್ಲಿ ವಾರದೊಳಗೆ ‘ಜಪಾನಮ್ಮ’ ಆದರು. ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸಕ್ಕಿದ್ದ ನೂರ್ ಫಾತಿಮಾಳನ್ನು, ಅವರ ಭಾಷೆ ಕಲಿತು ಮಾತು ದಾಟಿಸಲೆಂದು, ಅವರ ಜೊತೆಗೆ ನಿಲ್ಲಿಸಿದರು. ನೂರ್ ಶ್ರೀರಂಗಪಟ್ಟಣದ ಗಂಜಾಂನವಳು, ಟಾಂಗಾ ಓಡಿಸುವ ವಜೀರ್ ಪಾಷಾನ ಹಿರಿಮಗಳು. ಪಿಯುಸಿ ಮುಗಿಸಿ ದಿನವೂ ಬಸ್ಸಿನಲ್ಲಿ ಬಂದುಹೋಗುತ್ತಿದ್ದಳು.

ಜಪಾನಿ ಭಾಷೆ ಅವಳಿಗೆ ಹತ್ತಿದ ಪರಿಗೆ ಎಲ್ಲರೂ ಬೆರಗಾದರು. ಅವಳಿಗೆ ಮಾತ್ರ ಅದರಲ್ಲಿ ಹೆಚ್ಚುಗಾರಿಕೆಯೇನೂ ಕಾಣಲಿಲ್ಲ. ಕ್ರಿಯಾಪದ ಕೊನೆಗೆ, ‘ಗೆ’ ‘ಇಂದ’ಗಳು ಹೆಸರಿನ ಬಾಲಕ್ಕೆ, ಎಲ್ಲವೂ ಕನ್ನಡದ ಹಾಗೇ. ಮಧ್ಯಾಹ್ನದ ಊಟವಾದ ಮೇಲೆ ಹೊಂಗೆ ಮರದ ಕೆಳಗೆ ಪಾಠ. ಒಂದು ದಿನ ಅವಳು ‘ಅವನು ನಡೆಯಲಾರ’ ಅಂತ ಬರೆದಳು: ಅರುಕೆನಾಯ್. ಹರಾದಾ ಅದನ್ನು ಹೊಡೆದುಹಾಕಲಿಲ್ಲ. ಆದರೆ ಮುಖ ಹಿಂಡಿದರು.

“ತಪ್ಪಿಲ್ಲ. ಆದರೆ ಹೀಗೆ ಯಾರೂ ಯಾರಿಗೂ ಹೇಳುವುದಿಲ್ಲ. ‘ನಾಯ್’ ಅಂದರೆ ಇಲ್ಲ. ಅದನ್ನು ಬರಿಮೈಯಲ್ಲಿ ಬಿಡಬಾರದು, ಆಚೆಗೆ ಇನ್ನೊಂದು ಮಾತು ಸೇರಿಸಬೇಕು.”

ಅವರು ಕೆಳಗೆ ಬರೆದು ತೋರಿಸಿದರು. ಅರುಕೆನಾಯ್ ತೊ ಒಮೊಯಿಮಾಸು: ನಡೆಯಲಾರನೆಂದು ಅನ್ನಿಸುತ್ತದೆ. ಅರುಕೆರು ತೊ ವಾ ಇಎಮಾಸೆನ್: ನಡೆಯುತ್ತಾನೆಂದು ಹೇಳಲಾಗದು. ಅರುಕೆನಾಯ್ ಕಮೊ ಶಿರೆಮಾಸೆನ್: ನಡೆಯಲಾಗದೇನೋ.

“ಕೇಳುವವರಿಗೆ ಉಸಿರಾಡಲು ಒಂದಿಷ್ಟು ಜಾಗ ಬಿಟ್ಟುಕೊಡಬೇಕು,” ಎಂದರು.

ನೂರ್‌ಗೆ ಈ ಪಾಠ ಬಹಳ ಇಷ್ಟವಾಯಿತು. ಅವಳ ಸುತ್ತಲಿನವರು ‘ಇಲ್ಲ’ವನ್ನು ಮುಖಕ್ಕೆ ರಾಚುವಂತೆ ಹೇಳುವವರು. ಕಂಡಕ್ಟರು, ರೇಷನ್ ಅಂಗಡಿಯವನು, ಕಾಲೇಜಿಗೆ ಮುಂದೆ ಕಳಿಸೆಂದು ಕೇಳಿದಾಗ ಅಪ್ಪ ಸಹ, “ನಹೀಂ ಬೋಲೇ ತೋ ನಹೀಂ.” ಇಲ್ಲ ಎನ್ನುವುದನ್ನೂ ಇಷ್ಟು ಮರ್ಯಾದೆಯಿಂದ ಹೇಳಬಹುದೆಂದು ಅವಳಿಗೆ ತಿಳಿದದ್ದು ಆ ದಿನ. ಒಂದು ವಾರ ಅದನ್ನೇ ಬರೆದಳು. ಹರಾದಾ ಪುಟದ ಮೇಲೆ ದೊಡ್ಡ ಸುತ್ತು ಹಾಕಿ ಕೊಟ್ಟರು. ಅವರ ದೇಶದಲ್ಲಿ ಸುತ್ತು ಹಾಕಿದರೆ ಸರಿ ಎಂದರ್ಥ.

ಮರುವರ್ಷದ ಯುಗಾದಿ ಕಳೆದ ವಾರ ನಾಗಮಂಗಲದ ಕಡೆಯಿಂದ ತಮ್ಮಯ್ಯನನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಬಂದರು. ತೆಂಗಿನಕಾಯಿ ಕೀಳುವವನು. ಮರದಿಂದ ಬಿದ್ದು ಸೊಂಟದ ಮೇಲೆ ಬೆನ್ನುಮೂಳೆ ಮುರಿದಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದು ಬಂದಿದ್ದರು. ಮೂವತ್ತೈದರ ಗಂಡಸು, ತೋಳು ಒನಕೆಯ ಹಾಗಿದ್ದವು; ಕಾಲು ಆಗಲೇ ಸಣ್ಣಗಾಗಿದ್ದವು. ಜೊತೆಗೆ ಹೆಂಡತಿ ದ್ಯಾವಮ್ಮ.

ಹರಾದಾ ಅವನ ಪಾದ, ಮೊಣಕಾಲು, ತೊಡೆಯನ್ನು ಸೂಜಿಯ ಮೊನೆಯಿಂದ ಮುಟ್ಟುತ್ತ ಬಂದರು. ಹೊಕ್ಕುಳವರೆಗೂ ಅವನು “ಇಲ್ಲ, ಇಲ್ಲ” ಎನ್ನುತ್ತಲೇ ಇದ್ದ. ಆಮೇಲೆ ಆಕೆ ಅವನ ಪಕ್ಕದಲ್ಲಿ ಮಂಡಿಯೂರಿ ಕೂತು, ತಲೆ ತಗ್ಗಿಸಿ, ಮೆಲ್ಲಗೆ ಹೇಳಿದರು: “ಅರುಕೆನಾಯ್ ಕಮೊ ಶಿರೆಮಾಸೆನ್.”

“ಏನಂದ್ರವ್ವ ಆಯಮ್ಮ?” ದ್ಯಾವಮ್ಮ ಕೇಳಿದಳು.

ನೂರ್ ಒಂದಕ್ಷರ ಕೆಡಿಸದೆ ಹೇಳಿದಳು. “ನಡಿಯಕ್ಕಾಗದೆ ಇರಬಹುದೇನೋ ಅಂತಾರೆ ಅಕ್ಕ.”

ದ್ಯಾವಮ್ಮನ ಮುಖ ಅರಳಿತು. “ಇರಬೋದೇನೋ ಅಂದ್ರಾ? ಅಂಗಾರೆ ಆದ್ರೂ ಆಗ್ಬೋದು ಅಂತಾಯ್ತು! ಕೇಳಿದ್ರಾ? ಆ ಆಸ್ಪತ್ರೆಯೋರು ಬಾಯೇ ಬುಡ್ನಿಲ್ಲ, ಈಯಮ್ಮ ಆಗ್ಬೋದು ಅಂತಾವ್ರೆ.”

ಹಾಗಲ್ಲ ಎನ್ನಲು ನೂರ್‌ಗೆ ಬಾಯಿ ಬರಲಿಲ್ಲ. ತಾನು ಹೇಳಿದ್ದರಲ್ಲಿ ತಪ್ಪೇನಿತ್ತು? ಮಾತಿಗೆ ಮಾತು ಸರಿಯಾಗಿತ್ತು.

ಕೇಂದ್ರದಿಂದ ಅವನಿಗೊಂದು ಗಾಲಿಕುರ್ಚಿ ಕೊಟ್ಟರು. ತೋಳಿನ ಬಲದ ಮೇಲೆ ಮೈ ಎತ್ತಿ ಕುರ್ಚಿಗೆ ಹೋಗುವುದು, ಗಳಿಗೆಗೊಮ್ಮೆ ಮೈಭಾರ ಎತ್ತಿ ಇಳಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಇಷ್ಟನ್ನು ಕಲಿತರೆ ಬಾಳು ಸಾಗುತ್ತದೆ ಎಂಬುದು ಹರಾದಾರ ಲೆಕ್ಕ. ಮುಂದಿನ ತಿಂಗಳು ದ್ಯಾವಮ್ಮ ಕುರ್ಚಿಯನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಒಬ್ಬಳೇ ಬಂದು ವಾಪಸು ಕೊಟ್ಟಳು.

“ನಡಿಯಾಕಿಲ್ಲ ಅನ್ನೋರಿಗೆ ಕೊಡಿ ಇದ. ಇದ್ರ ಮ್ಯಾಲೆ ಕೂರೋದು ರೂಢಿ ಆಗ್ಬುಟ್ರೆ ಕಾಲು ಮರ್ತೋಯ್ತವಂತೆ. ಎಣ್ಣೆ ಹಾಕಿ ನೀವ್ತಾ ಇವ್ನಿ. ಕೆ.ಆರ್.ಪೇಟೆ ತಾವ್ಲಿಂದ ಮೂಳೆ ಕಟ್ಟೋರು ಒಬ್ರು ಬಂದು ಪಟ್ಟು ಕಟ್ಟವ್ರೆ, ಅಲ್ಲಾಡುಸ್ಬೇಡಿ ಅಂದವ್ರೆ.”

ನೂರ್ ಅದನ್ನೆಲ್ಲ ಹರಾದಾರಿಗೆ ಹೇಳಿದಳು. ಆಕೆ “ಕುರ್ಚಿ ಇದ್ದರೆ ಒಳ್ಳೆಯದಾಗಬಹುದೇನೋ,” ಎಂದರು. ನೂರ್ ಅದನ್ನೂ ಹಾಗೆಯೇ ದಾಟಿಸಿದಳು. ದ್ಯಾವಮ್ಮ “ಆಗ್ಲಿ ಬುಡಿ, ನೋಡಾನ,” ಎಂದು ಹೊರಟುಹೋದಳು.

ಆಷಾಢದಲ್ಲಿ ತಮ್ಮಯ್ಯನನ್ನು ಇನ್ನೊಮ್ಮೆ ಕರೆತಂದರು. ದ್ಯಾವಮ್ಮ ನೀರು ತರಲು ಹೋದಾಗ ಅವನು ನೂರ್‌ಳನ್ನು ಹತ್ತಿರ ಕರೆದ.

“ತಾಯಿ, ಅವ್ಳಿಲ್ಲ, ಈಗ ಹೇಳು. ನಾನು ಎದ್ದು ನಡೀತೀನಾ, ಇಲ್ವಾ? ಇಲ್ಲ ಅಂದ್ರೆ ಇಲ್ಲ ಅನ್ನು. ಸತ್ತೋಗಾಕಿಲ್ಲ ನಾನು. ಬರೀ ತೊಲೆ ಎಣಿಸ್ಕಂಡು ಬಿದ್ದಿವ್ನಿ.”

ಅಷ್ಟು ಹೊತ್ತಿಗೆ ನೂರ್‌ಗೆ ಗೊತ್ತಾಗಿತ್ತು. ಯಾರೂ ಹೇಳಿರಲಿಲ್ಲ. ಹೊಕ್ಕುಳದ ಕೆಳಗೆ ಸೂಜಿ ಚುಚ್ಚಿದ್ದು ತಿಳಿಯದ ಒಬ್ಬರೂ ಎದ್ದದ್ದನ್ನು ಅವಳು ಒಂದೂವರೆ ವರ್ಷದಲ್ಲಿ ಕಂಡಿರಲಿಲ್ಲ. ಅವಳು ಅವನ ಮುಖ ನೋಡಿದಳು. ಬಾಯಿಗೆ ಬಂದದ್ದು ತಾನು ವಾರವಿಡೀ ಬರೆದು ಸುತ್ತು ಹಾಕಿಸಿಕೊಂಡ ಧಾಟಿಯ ಮಾತೇ.

“ಇಲ್ಲ ಅಂತ ಹೇಳಕ್ಕಾಗಲ್ಲ ಅಣ್ಣ.”

ತಮ್ಮಯ್ಯ ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದ. “ಅಷ್ಟು ಸಾಕು ಬುಡವ್ವ,” ಎಂದ.

ಆಮೇಲೆ ಅವರು ಬರಲಿಲ್ಲ. ನವೆಂಬರಿನಲ್ಲಿ ಹರಾದಾ ತಾವೇ ಹೋಗಿ ನೋಡೋಣವೆಂದರು. ಇಬ್ಬರೂ ನಾಗಮಂಗಲಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಊರು ಮುಟ್ಟಿದಾಗ ಹನ್ನೊಂದು ಗಂಟೆ. ಬಾಗಿಲಲ್ಲೇ ವಾಸನೆ ಬಡಿಯಿತು. ತಮ್ಮಯ್ಯ ಎಲುಬಾಗಿದ್ದ, ಮೈ ಕೆಂಡದಂತೆ ಸುಡುತ್ತಿತ್ತು. ಹರಾದಾ ಅವನನ್ನು ಮಗ್ಗುಲಿಗೆ ಹೊರಳಿಸಿದರು. ಸೊಂಟದ ಕೆಳಗೆ ಅಂಗೈಯಗಲದ ಹುಣ್ಣು, ಒಳಗೆ ಮೂಳೆ ಬೆಳ್ಳಗೆ ಕಾಣುತ್ತಿತ್ತು. ನೋವೇ ಇಲ್ಲದ ಜಾಗದಲ್ಲಿ ಆದದ್ದು. ಅವನಿಗೆ ತಿಳಿದೇ ಇರಲಿಲ್ಲ.

“ಬೆನ್ನು ಕೂಡ್ಕಳಕೆ ಬುಡಿ ಅಂತ ಅಲ್ಲಾಡುಸ್ನಿಲ್ಲ ಕಣವ್ವ,” ಎಂದಳು ದ್ಯಾವಮ್ಮ.

ಊರಿನ ಟ್ರಾಕ್ಟರಿನಲ್ಲಿ ಹಾಕಿಕೊಂಡು ಟಾರು ರಸ್ತೆಗೆ ಬಂದು, ವ್ಯಾನು ಹಿಡಿದು ಮೈಸೂರಿನ ದಾರಿ ಹಿಡಿದರು. ಕಿರಂಗೂರಿನ ಹತ್ತಿರ ಉಸಿರು ನಿಂತಿತು. ರಸ್ತೆಯ ಎರಡೂ ಕಡೆ ಬತ್ತದ ಕೊಯ್ಲು ನಡೆದಿತ್ತು.

ಮರುದಿನ ಕೇಂದ್ರದಲ್ಲಿ ನೂರ್ ಹರಾದಾರನ್ನು ಕೇಳಿದಳು. ಜಪಾನಿಯಲ್ಲೇ ಕೇಳಿದಳು, ಯಾವ ಮಾತನ್ನೂ ಮೆತ್ತಗೆ ಮಾಡಲಿಲ್ಲ. “ಮೊದಲ ದಿನವೇ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ‘ಏನೋ’ ಅಂದಿರಿ?”

“ಅದನ್ನು ‘ಆಗಬಹುದು’ ಅಂತ ನಮ್ಮಲ್ಲಿ ಯಾರೂ ತಿಳಿಯುವುದಿಲ್ಲ,” ಎಂದರು ಹರಾದಾ. “ಅಂಥ ಜಾಗದಲ್ಲಿ ಡಾಕ್ಟರು ಹಾಗಂದರೆ ಮನೆಯವರು ಎದ್ದು, ತಲೆಬಾಗಿ, ಗಾಲಿಕುರ್ಚಿಗೆ ಹೆಸರು ಬರೆಸುತ್ತಾರೆ. ನಿನಗೆ ಅರ್ಥವಾಗಿದೆ ಅಂದುಕೊಂಡಿದ್ದೆ. ನೀನು ಅಷ್ಟು ಚೆನ್ನಾಗಿ ಕಲಿತಿದ್ದೆ.”

ನೂರ್ ಎದ್ದು ಹೊರಗೆ ಬಂದಳು. ಕೇಳುವಾಗ ಅವಳ ಮನಸ್ಸಿನಲ್ಲಿದ್ದದ್ದು ಸಿಟ್ಟು. ಹೊರಗೆ ಬಂದು ನಿಂತಾಗ ಆ ಸಿಟ್ಟು ಹಾಕಲು ಜಾಗವಿರಲಿಲ್ಲ. ಹರಾದಾರಿಗೆ ಕನ್ನಡ ಬರುತ್ತಿರಲಿಲ್ಲ, ಸರಿ. ಆಷಾಢದಲ್ಲಿ ಆ ಮನುಷ್ಯ ಕೇಳಿದ್ದು ಕನ್ನಡದಲ್ಲಿ, ತನ್ನನ್ನು.

ತಿಥಿ ಕಳೆದ ಮೇಲೆ ಅವಳು ಒಬ್ಬಳೇ ಆ ಊರಿಗೆ ಹೋದಳು. ದ್ಯಾವಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಕೂರು ಎಂದಳು. ನೂರ್ ನಿಂತೇ ಹೇಳಿದಳು.

“ಅಕ್ಕ, ಅಣ್ಣ ನಡೆಯಲ್ಲ ಅಂತ ನನಗೆ ಗೊತ್ತಿತ್ತು. ಅವರು ನನ್ನ ಕೇಳಿದ್ರು. ನಾನು ಹೇಳಲಿಲ್ಲ.”

ದ್ಯಾವಮ್ಮನ ಕೈ ನಿಂತಿತು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ನೂರ್ ಕಾದಳು. ಅದಾಗಿದ್ದರೆ ಚೆನ್ನಾಗಿತ್ತು.

“ಒಂದ್ ಮಾತು ಅಂದಿದ್ರೆ ಆ ಕುರ್ಚಿ ಮ್ಯಾಲೆ ಕೂರಿಸ್ಕಂಡು ಇಲ್ಲೀಗಂಟ ತರ್ತಿದ್ನಲ್ಲವ್ವ,” ಎಂದಳು, ಯಾರಿಗೋ ಹೇಳುವಂತೆ. “ಎಂಟು ತಿಂಗಳು ಒಳಗೇ ಇದ್ರು. ಹೊರೀಕ್ ಕರ್ಕಂಡೋಗು, ಒಂದ್ ದಪ ಮರ ನೋಡ್ಬೇಕು ಅಂತಿದ್ರು. ನಡ್ಕಂಡೇ ಬರೀರಂತೆ ಸುಮ್ನೀರಿ ಅಂತ ಗದರ್ತಿದ್ದೆ.”

ಮತ್ತೆ ಕಾಯಿಗೆ ಕೈ ಹಾಕಿದಳು. ನೂರ್ ಸ್ವಲ್ಪ ಹೊತ್ತು ನಿಂತಿದ್ದಳು. ಹೋಗು ಎಂದೂ ದ್ಯಾವಮ್ಮ ಹೇಳಲಿಲ್ಲ.

ಮನೆ ನಡೆಯಬೇಕಾಗಿದ್ದರಿಂದ ನೂರ್ ಕೆಲಸ ಬಿಡಲಿಲ್ಲ. ಸೋಮವಾರ ಅರಕೆರೆಯಿಂದ ಎತ್ತಿನ ಗಾಡಿ ಮಗುಚಿ ಬೆನ್ನು ಮುರಿದ ಒಬ್ಬನನ್ನು ತಂದರು. ಹರಾದಾ ಸೂಜಿ ಹಿಡಿದು ನೋಡಿದರು, ಮಂಡಿಯೂರಿದರು. ಈ ಸಲ ಗಟ್ಟಿ ಮನಸ್ಸು ಮಾಡಿ, ಬರಿಯ “ಅರುಕೆನಾಯ್” ಎಂದರು. ಹೇಳಿ ನೂರ್‌ಳ ಕಡೆ ನೋಡಿದರು. ಆ ಮನುಷ್ಯ, ಅವನ ತಾಯಿ, ತಮ್ಮ, ಎಲ್ಲರೂ ಅವಳ ಕಡೆ ನೋಡಿದರು.

“ಏನಂದ್ರು, ಹೇಳವ್ವ.”

ಒಂದೇ ಮಾತು. ನೂರ್ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಹರಾದಾ ಅದನ್ನೇ ಇನ್ನೊಮ್ಮೆ, ಬಿಡಿಸಿ ಬಿಡಿಸಿ, ಅವಳಿಗೆ ಅರ್ಥವಾಗಲಿಲ್ಲವೇನೋ ಎಂಬಂತೆ ಹೇಳಿದರು. ನೂರ್ ದುಪಟ್ಟಾದ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ಓಡಿದಳು.

ಅಂದಿನಿಂದ ಮಾತು ದಾಟಿಸುವ ಕೆಲಸಕ್ಕೆ ಇಂಗ್ಲಿಷ್ ಬಲ್ಲ ಗುಮಾಸ್ತ ನಿಂತ. ನೂರ್ ಮತ್ತೆ ಹೆಸರು ಬರೆದುಕೊಳ್ಳುವ ಮೇಜಿಗೆ ಬಂದು ಕೂತಳು. ಮುಂದಿನ ವರ್ಷ ಹರಾದಾ ತಮ್ಮ ದೇಶಕ್ಕೆ ಹೊರಟಾಗ ಗೇಟಿನವರೆಗೂ ಹೋಗಿ, ಅವರಷ್ಟೇ ಬಗ್ಗಿ ನಮಸ್ಕರಿಸಿದಳು.